‘ನರ್ವಸ್’ ಪದದ ಮೂಲ: ತಮ್ಮ ಲೇಖನ ಕುರಿತು

ಮಾನ್ಯರೇ,

‘ನರ್ವಸ್ ಎಂದರೇನು?’ ಎಂಬ ತಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ವಿಷಯ ಕೈಬಿಡುವಂಥದ್ದಲ್ಲವಾದ್ದರಿಂದ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟಗಳಲ್ಲಿರುವ ಪರೀಕ್ಷಾಭಯ, ವೇದಿಕೆಯ ನಡುಕ, ಬೆವರುವ ಅಂಗೈ ಎಲ್ಲವೂ ಓದುಗರಿಗೆ ಗೊತ್ತಿರುವಂಥವೇ, ಅವನ್ನು ತೆಗೆದುಹಾಕಿ.

ನಿಜವಾದ ತೊಡಕಿರುವುದು ಮೂರನೆಯ ಪುಟದಲ್ಲಿ. ‘ಲ್ಯಾಟಿನ್ನಿನ ನೆರ್ವುಸ್ ಎಂದರೆ ದೌರ್ಬಲ್ಯ’ ಎಂದು ತಾವು ಬರೆದಿದ್ದೀರಿ. ಸಂಗತಿ ಇದಕ್ಕೆ ತೀರ ವಿರುದ್ಧವಾಗಿದೆ. ನೆರ್ವುಸ್ ಎಂದರೆ ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಗಟ್ಟಿ ಹುರಿ. ಬಿಲ್ಲಿನ ಹೆದೆಗೂ ಅದೇ ಹೆಸರು. ಹೀಗಾಗಿ ಇಂಗ್ಲಿಷಿನಲ್ಲಿ ನರ್ವಸ್ ಎಂಬ ಪದಕ್ಕೆ ಕಟ್ಟುಮಸ್ತಾದ, ಕಸುವುಳ್ಳ ಎಂಬ ಅರ್ಥ ಬಹುಕಾಲ ಇತ್ತು. ಬಿಗಿಯಾದ ಗದ್ಯವನ್ನು ‘ನರ್ವಸ್ ಶೈಲಿ’ ಎಂದು ಹೊಗಳುವುದೂ ಇತ್ತು. 1755ರಲ್ಲಿ ಬಂದ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟಿನಲ್ಲಿ ಈ ಪದದ ಮೊದಲ ಅರ್ಥ ‘ಬಲಿಷ್ಠ’ ಎಂದೇ ಇದೆ; ‘ನರಗಳು ಬಲಗುಂದಿದ’ ಎಂಬ ಅರ್ಥ ಕೊನೆಯಲ್ಲಿ, ಅದು ವೈದ್ಯರ ಗೊಡ್ಡು ಪರಿಭಾಷೆ ಎಂಬ ಧ್ವನಿಯ ಟಿಪ್ಪಣಿಯೊಡನೆ ಬರುತ್ತದೆ. ಜಾನ್ಸನ್ ಮೂಗುಮುರಿದ ಆ ಅರ್ಥವೇ ಕೊನೆಗೆ ಗೆದ್ದಿತು.

ಅದು ಹೇಗೆ ಗೆದ್ದಿತು ಎಂಬುದೇ ತಮ್ಮ ಲೇಖನದ ತಿರುಳಾಗಬೇಕಿತ್ತು. ಹುರಿಯಂತೆ ಬೆಳ್ಳಗೆ ಕಾಣುವ ಕಾರಣಕ್ಕೆ ಮಿದುಳಿನಿಂದ ಹೊರಡುವ ನರಗಳಿಗೂ ಹಿಂದಿನವರು ಅದೇ ಹೆಸರಿಟ್ಟರು. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸ್‌ನಂಥವರು ಮಿದುಳು ಮತ್ತು ನರಗಳ ರಚನೆಯನ್ನು ವಿವರಿಸಿದ ಮೇಲೆ, ಮುಂದಿನ ಶತಮಾನದ ವೈದ್ಯರು ಮನಸ್ಸಿನ ತಳಮಳಗಳಿಗೂ ನರಗಳನ್ನೇ ಹೊಣೆ ಮಾಡತೊಡಗಿದರು. ‘ನರಗಳ ಕಾಯಿಲೆಯುಳ್ಳ’ ಎಂಬ ವೈದ್ಯಕೀಯ ಮಾತು ಸವೆದು ‘ಗಾಬರಿಗೊಳ್ಳುವ’ ಎಂಬ ಆಡುಮಾತಾಯಿತು. ಆದರೆ ಇಂಗ್ಲಿಷಿನ ‘ನರ್ವ್’ ಎಂಬ ನಾಮಪದ ಹಳೆಯ ಕಸುವನ್ನು ಬಿಟ್ಟುಕೊಡಲಿಲ್ಲ: ಯಾರಾದರೂ ‘ನರ್ವ್’ ಕಳೆದುಕೊಂಡರು ಎಂದಾಗ ಕಳೆದುಹೋಗುವುದು ಧೈರ್ಯ. ಈ ನುಡಿಗಟ್ಟನ್ನು ನಾಲ್ಕನೆಯ ಪುಟದಲ್ಲಿ ತಾವೇ ಉದಾಹರಿಸಿ, ಅದರಲ್ಲಿರುವ ವಿರೋಧಾಭಾಸವನ್ನು ಗಮನಿಸದೆ ಮುಂದೆ ಸಾಗಿದ್ದೀರಿ.

ಕನ್ನಡದ ‘ನರ’ವೇ ‘ನರ್ವ್’ನ ಮೂಲವೆಂಬ ತಮ್ಮ ವಾದವನ್ನೂ ಒಪ್ಪಲಾರೆ. ಈ ಧ್ವನಿಸಾಮ್ಯಕ್ಕೆ ಒಂದು ಕಾಲದಲ್ಲಿ ನಾನೂ ಮರುಳಾಗಿದ್ದೆ. ನರ ದ್ರಾವಿಡ ಪದ. ತಮಿಳಿನ ನರಂಬು, ತೆಲುಗಿನ ನರಮು ಅದರ ಒಡಹುಟ್ಟುಗಳು. ಲ್ಯಾಟಿನ್ ಪದದ ದಾಯಾದಿಗಳು ಗ್ರೀಕಿನ ನ್ಯೂರಾನ್ ಮತ್ತು ಸಂಸ್ಕೃತದ ಸ್ನಾವನ್; ನಾವು ದಿನವೂ ಬಳಸುವ ‘ಸ್ನಾಯು’ ಈ ಸ್ನಾವನ್‌ನ ಬಳಗದ್ದು. ಅಂದರೆ ತಾವು ಹುಡುಕುತ್ತಿದ್ದ ನಂಟು ಕನ್ನಡದಲ್ಲಿ ಇದ್ದೇ ಇದೆ, ಹುಡುಕಿದ ಪದ ಮಾತ್ರ ಬೇರೆ.

ಬಿಲ್ಲಿನ ಹೆದೆಯಿಂದ ಆರಂಭಿಸಿ ಲೇಖನವನ್ನು ಹೊಸದಾಗಿ ಬರೆದು ಕಳುಹಿಸಿ, ಖಂಡಿತ ಓದುತ್ತೇನೆ. ಕೊನೆಯಲ್ಲಿರುವ ‘ನರ್ವಸ್ ಆಗದಿರಲು ಏಳು ಸೂತ್ರಗಳು’ ಮಾತ್ರ ದಯವಿಟ್ಟು ಬೇಡ.

ಇಂತು,
ಸಂಪಾದಕ