ಕುಮಟೆಯ ಪಾಲಿಗೂ ನಾಲ್ಕು ಮಾತು

ಕಾರವಾರದ ಓದುಗರೊಬ್ಬರ ಪತ್ರ: "19ನೇ ಶತಮಾನದಲ್ಲೇ ಕಾರವಾರ ಇನ್ನೊಂದು ಮುಂಬಯಿ ಆಗಬೇಕಿತ್ತು. ಬ್ರಿಟಿಷರು ರೈಲು ಕೊಡದೆ ಕೈಬಿಟ್ಟರು. ಇದನ್ನು ನೀವೇಕೆ ಬರೆಯುವುದಿಲ್ಲ?"

ಉತ್ತರ: ನಿಮ್ಮ ಸಂಕಟ ಸುಳ್ಳಲ್ಲ. ಗುಡ್ಡ, ದ್ವೀಪಗಳ ಆಸರೆ ಇರುವ ಅಂಥ ಆಳದ ಬಂದರು ಈ ಕರಾವಳಿಯಲ್ಲಿ ಅಪರೂಪ. ಆದರೆ ಆಗದೇ ಹೋದ ಬಂದರಿಗೆ ಇಷ್ಟು ಮರುಗುವ ನಾವು, ನಿಜಕ್ಕೂ ದುಡಿದ ಕುಮಟೆ ಬಂದರನ್ನು ಮರೆತೇಬಿಟ್ಟಿದ್ದೇವೆ, ಅಲ್ವಾ?

ಧಾರವಾಡ ಸೀಮೆಯ ಹತ್ತಿ ಸಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟೆಗೆ ಬರುತ್ತಿತ್ತು. ಮೊದಲು ಎತ್ತಿನ ಹೇರು, ರಸ್ತೆಯಾದ ಮೇಲೆ ಗಾಡಿ. ಅಲ್ಲಿಂದ ಮಚವೆ ಎಂಬ ಹಾಯಿದೋಣಿಗಳಲ್ಲಿ ಮುಂಬಯಿಗೆ. ಆಸರೆಯಿಲ್ಲದ ಬಯಲು ಕಡಲು, ಮಳೆಗಾಲ ಬಂದರೆ ಕೆಲಸ ಬಂದ್. ಅಷ್ಟಾದರೂ ಇಂಗ್ಲೆಂಡಿನ ಲಿವರ್‌ಪೂಲ್ ಪೇಟೆಯವರೆಗೆ ಆ ಹತ್ತಿಯನ್ನು ಕೊಳ್ಳುತ್ತಿದ್ದದ್ದು 'ಕುಮಟಾ' ಎಂಬ ಹೆಸರಿನಲ್ಲೇ!

ಕಾರವಾರದ ಆಸೆ ಚಿಗುರಿದ್ದು ಆಮೇಲೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಿತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಟ್ಟೆ ಗಿರಣಿಯವರ ಕಣ್ಣು ಕಾರವಾರದ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಇದೇ ಲೆಕ್ಕ. 1864ರಲ್ಲಿ ಕಾರವಾರದೆದುರಿನ ದೇವಗಡ ದ್ವೀಪದಲ್ಲಿ ದೀಪಸ್ತಂಭ ಎದ್ದಿತು. ಮರುವರ್ಷ ಯುದ್ಧ ಮುಗಿಯಿತು, ಹತ್ತಿಯ ರೇಟು ಕುಸಿಯಿತು, ಸಾಹೇಬರ ಉಮೇದೂ ಇಳಿಯಿತು.

1880ರ ದಶಕದಲ್ಲಿ ರೈಲು ಘಟ್ಟ ಇಳಿದದ್ದು ಪೋರ್ಚುಗೀಸರ ಗೋವೆಯ ಮುರ್ಮುಗೋವಾ ಬಂದರಿಗೆ; ಹತ್ತಿಯೂ ಆ ದಾರಿ ಹಿಡಿಯಿತು. ಅದರಿಂದ ಕಾರವಾರದ ಆಸೆ ಮುರಿಯಿತು, ಒಪ್ಪುತ್ತೇನೆ. ಕುಮಟೆಯಲ್ಲಿ ಮುರಿದದ್ದು ಗಾಡಿಯವರ, ಹಮಾಲರ, ದೋಣಿಯವರ, ದಲಾಲರ ಹೊಟ್ಟೆಪಾಡು. ನಿಮ್ಮ ಪತ್ರದಲ್ಲಿ ಅವರಿಗೆ ಒಂದು ಸಾಲೂ ಇಲ್ಲವಲ್ಲ!

ತಪ್ಪು ನಿಮ್ಮೊಬ್ಬರದೇ ಅಲ್ಲ. ಕಲೆಕ್ಟರ್ ಕೂತ ಊರಿಗೆ ಮಾತ್ರ ಚರಿತ್ರೆ ಅಂತ ನಾವು ಸುಮ್ನೆ ನಂಬಿಬಿಟ್ಟಿದ್ದೇವೆ. ಠಾಗೋರರು ಬಂದಿದ್ದರೆಂದು ಕಾರವಾರದ ಕಡಲತೀರಕ್ಕೆ ಅವರ ಹೆಸರಿದೆ. ಸಂತೋಷವೇ. ಆದರೆ ಹತ್ತಿ ಹೊತ್ತ ದೇವಿಮನೆ ಘಟ್ಟವನ್ನು ನಮ್ಮ ಮಕ್ಕಳು ಯಾವ ಪಾಠದಲ್ಲಿ ಓದುತ್ತಾರೆ? ಮ್ಯಾಂಚೆಸ್ಟರ್ ಗಿರಣಿಗಳ ಬಗ್ಗೆ ಅವರಿಗೆ ಜಾಸ್ತಿ ಗೊತ್ತು. ಇತ್ತ ಹಳೆಯ ವರ್ತಕರ ಮನೆಗಳ ಕಿರ್ದಿ ಪುಸ್ತಕಗಳು ರದ್ದಿಗೆ ಹೋಗುತ್ತಿವೆ. ಯಾರು ಯಾರಿಗೆ ಸಾಲ ಕೊಟ್ಟರು, ಒಂದು ಗಾಡಿಗೆ ಬಾಡಿಗೆ ಎಷ್ಟು ಎಂಬುದೆಲ್ಲ ಅದರಲ್ಲೇ ಇತ್ತು.

ನಿಮ್ಮ ಬರವಣಿಗೆಯಲ್ಲಿ ಕಸುವಿದೆ. ಕುಮಟೆ ನಿಮಗೆ ದೂರವೂ ಅಲ್ಲ. ಹೋಗಿ ಅಂಥ ಮನೆಗಳಲ್ಲಿ ವಿಚಾರಿಸಿ. ಒಂದೇ ಒಂದು ಕಿರ್ದಿ ಸಿಕ್ಕಿದರೂ ಬರೆದು ಕಳಿಸಿ, ಪುಟ ಕಾದಿರಿಸುತ್ತೇನೆ.