ಆಲಿಕಲ್ಲಿಗೆ ಮಲಗಿದ ಬೇಸಿಗೆ ಭತ್ತ: ಮೊದಲು ನೀರು ಬಸಿಯಿರಿ

ಪ್ರಶ್ನೆ: ಮಲೇಬೆನ್ನೂರು ಹತ್ತಿರ ಭದ್ರಾ ನಾಲೆಯ ಕೆಳಗೆ ನಮ್ಮದು ಮೂರು ಎಕರೆ ಗದ್ದೆ. ಬೇಸಿಗೆ ಭತ್ತ ಅರ್ಧ ಬಣ್ಣ ತಿರುಗಿತ್ತು. ನಿನ್ನೆ ಸಂಜೆ ಗಾಳಿ, ಆಲಿಕಲ್ಲು ಮಳೆಗೆ ಒಂದು ಎಕರೆಯಷ್ಟು ಪೂರ್ತಿ ಮಲಗಿದೆ. ನಿಂತಿರುವ ಗದ್ದೆಯಲ್ಲಿ ಅಲ್ಲಲ್ಲಿ ದುಂಡಗೆ ಸುಟ್ಟ ಹಾಗೆ ಒಣಗುತ್ತಿದೆ. ಕಾಡು ಹುಲ್ಲು ಬೇರೆ ತಲೆ ಎತ್ತಿದೆ. ಅಂಗಡಿಯವರು ಸೈಪರ್‌ಮೆಥ್ರಿನ್ ಕೀಟನಾಶಕ ಮತ್ತು ಒಂದು ಕಳೆನಾಶಕ ಕೊಟ್ಟಿದ್ದಾರೆ. ಹೊಡೆಯಲೇ?

ಉತ್ತರ: ಹೊಡೆಯಬೇಡಿ ಸಾರ್. ನಿಮಗೆ ಫೋನಿನಲ್ಲಿ ಆವತ್ತೇ ಹೇಳಿದ್ದೇನೆ. ಬೇರೆಯವರಿಗೂ ಉಪಯೋಗವಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಬೆಳೆ ವಿಮೆ ಮಾಡಿಸಿದ್ದರೆ ಆಲಿಕಲ್ಲು ಬಿದ್ದ 72 ಗಂಟೆಯೊಳಗೆ ಬೆಳೆ ವಿಮೆ ಸಹಾಯವಾಣಿ 14447ಕ್ಕೆ ಫೋನ್ ಮಾಡಿ ತಿಳಿಸಬೇಕು. ಸರ್ವೆ ನಂಬರ್ ಕೈಯಲ್ಲಿರಲಿ. ಮಲಗಿದ ಗದ್ದೆಯ ಫೋಟೊ ತೆಗೆದಿಡಿ. ಎಷ್ಟೋ ಜನ ಕೊಯ್ಲೆಲ್ಲ ಮುಗಿಸಿ ಆಮೇಲೆ ಕೇಳುತ್ತಾರೆ!

ಇನ್ನು ಗದ್ದೆ. ತಗ್ಗಿನ ಕಡೆ ಬದು ಕಡಿದು ನೀರು ಪೂರ್ತಿ ಹೊರಗೆ ಬಿಡಿ. ತೆನೆ ನೀರಿಗೆ ತಾಗಿಕೊಂಡಿದ್ದರೆ ಬಲಿತ ಕಾಳು ಅಲ್ಲೇ ಮೊಳಕೆ ಒಡೆಯುತ್ತದೆ. ಮೋಡ ಬಿಡದೇ ಇದ್ದರೆ 10 ಲೀಟರ್ ನೀರಿಗೆ ಅರ್ಧ ಕೆಜಿ ಉಪ್ಪು ಕರಗಿಸಿ, ಸೋಸಿ, ಬಲಿತ ತೆನೆಗಳ ಮೇಲೆ ಸಿಂಪಡಿಸಿ. ಮೊಳಕೆ ತಡೆಯಲು ಇದು ಅಗ್ಗದ ದಾರಿ. ಆಮೇಲೆ ಪಂಪ್ ಚೆನ್ನಾಗಿ ತೊಳೆಯಿರಿ, ಇಲ್ಲವಾದರೆ ತುಕ್ಕು ಹಿಡಿಯುತ್ತದೆ. ನಾಲ್ಕೈದು ಬುಡ ಎಬ್ಬಿಸಿ ಜೊತೆಗೆ ಕಟ್ಟಬಹುದು ಅಂತಲೂ ಹೇಳುತ್ತಾರೆ. ಸಣ್ಣ ತುಂಡು ಗದ್ದೆಗೆ ಸರಿ, ಎಕರೆಗಟ್ಟಲೆ ಆದರೆ ಕೂಲಿ ಗಿಟ್ಟುವುದಿಲ್ಲ.

ದುಂಡಗೆ ಸುಟ್ಟಂತೆ ಕಾಣುವುದು ಹೆಚ್ಚಾಗಿ ಕಂದು ಜಿಗಿಹುಳುವಿನ ಕೆಲಸ. ಗದ್ದೆಗೆ ಇಳಿದು ಪೈರು ಸರಿಸಿ, ಬುಡಕ್ಕೆ ಕೈಯಿಂದ ತಟ್ಟಿ ನೋಡಿ. ಎಳ್ಳಿನಷ್ಟು ದೊಡ್ಡ ಕಂದು ಹುಳುಗಳು ನೀರಿನ ಮೇಲೆ ಉದುರಿ ಜಿಗಿದಾಡಿದರೆ ಅದೇ. ಬದುವಿನ ಮೇಲೆ ನಿಂತು ನೋಡಿದರೆ ಕಾಣುವುದಿಲ್ಲ, ಬುಡದ ನೆರಳು ತೇವದಲ್ಲೇ ಅದರ ವಾಸ. ನೀರು ಬಸಿದರೆ ಅದಕ್ಕೂ ಕಷ್ಟ. ಸೈಪರ್‌ಮೆಥ್ರಿನ್ ಜಾತಿಯ ಔಷಧಿಗಳು ಜಿಗಿಹುಳು ತಿನ್ನುವ ಜೇಡಗಳನ್ನು ಮೊದಲು ಕೊಲ್ಲುತ್ತವೆ. ಆಮೇಲೆ ಹುಳು ಇನ್ನೂ ಜಾಸ್ತಿ ಆಗುತ್ತದೆ. ದುಡ್ಡು ಕೊಟ್ಟು ಹುಳು ಸಾಕಿದ ಹಾಗೆ, ಅಲ್ವಾ?

ಹಾಲುಗಾಳು ಹಂತದಲ್ಲಿರುವವರು ಬುಡಕ್ಕೆ 10ರ ಆಸುಪಾಸು ಹುಳು ಕಂಡರೆ ಎಕರೆಗೆ 120 ಗ್ರಾಂ ಪೈಮೆಟ್ರೋಜಿನ್ 50 ಡಬ್ಲ್ಯುಜಿ ಎಂಬ ಹರಳು ರೂಪದ ಕೀಟನಾಶಕವನ್ನು 200 ಲೀಟರ್ ನೀರಿನಲ್ಲಿ ಬೆರೆಸಿ ಬುಡಕ್ಕೇ ಬೀಳುವಂತೆ ಹೊಡೆಯಲಿ. ನಿಮ್ಮದು ಬಣ್ಣ ತಿರುಗಿದೆ. ಕೊಯ್ಲಿಗೆ ಮೂರು ವಾರ ಇಲ್ಲದ ಗದ್ದೆಗೆ ಔಷಧಿ ಬೇಡ. ನೀರು ಬಸಿದು, ಬಲಿತ ಕಡೆ ಬೇಗ ಕೊಯ್ಯಿರಿ. ಮಲಗಿದ್ದಕ್ಕೆ ಚೈನ್ ಇರುವ ಮಿಷನ್ ಕರೆಸಿ, ಪೈರು ಒರಗಿದ ದಿಕ್ಕಿಗೆ ಎದುರಾಗಿ ಓಡಿಸಲು ಹೇಳಿ. ಆ ಭತ್ತವನ್ನು ಒಳ್ಳೆಯದರ ಜೊತೆ ಬೆರೆಸಬೇಡಿ. ತೇವ ಶೇ. 14ಕ್ಕೆ ಇಳಿಯುವವರೆಗೆ ಒಣಗಿಸಿ.

ಕಾಡು ಹುಲ್ಲಿಗೆ ಈಗ ಕಳೆನಾಶಕ ಸುಮ್ನೆ ದಂಡ. ಭತ್ತಕ್ಕೆ ಹೊಡೆಯುವ ಬಿಸ್ಪೈರಿಬ್ಯಾಕ್ ಸೋಡಿಯಂ ಎಂಬ ಕಳೆನಾಶಕ ಕೆಲಸ ಮಾಡುವುದು ಕಳೆ ಎರಡರಿಂದ ನಾಲ್ಕು ಎಲೆ ಇದ್ದಾಗ, ಅಂದರೆ ನಾಟಿಯಾಗಿ 15–20 ದಿನದ ಹೊತ್ತಿಗೆ. ಅದೂ ನೀರು ಇಳಿಸಿ ಹೊಡೆದು, ಎರಡು ಮೂರು ದಿನ ಬಿಟ್ಟು ಮತ್ತೆ ನೀರು ಕಟ್ಟಬೇಕು. ಸದ್ಯಕ್ಕೆ ಬೀಜ ಉದುರುವ ಮುಂಚೆ ಹುಲ್ಲಿನ ತೆನೆ ಮುರಿದು ಚೀಲಕ್ಕೆ ಹಾಕಿ ಗದ್ದೆಯಿಂದ ಆಚೆ ಒಯ್ಯಿರಿ. ಬದುವಿನ ಮೇಲೆ ಬಿಸಾಡಬೇಡಿ. ಮಿಷನ್ ಪಕ್ಕದ ಗದ್ದೆಯಿಂದ ನೇರ ಬರುತ್ತಿದ್ದರೆ ಕಳೆ ಬೀಜ ಸೇರಿಕೊಂಡಿರುವ ಒಳಗಿನ ಹೊಟ್ಟು ಕೊಡವಿಸಿಯೇ ನಿಮ್ಮ ಗದ್ದೆಗೆ ಇಳಿಸಿ.