ಹರಾಜು ಕೂಗಿದವನೂ ಗೆಳೆಯನೇ

ನಮಸ್ಕಾರ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ನೀವು ಹೇಳಿದ್ದರಲ್ಲಿ ಅರ್ಧ ಸರಿ ಅನ್ನಿಸಿತು. ಮೂರನೇ ಸಲ ಕೊನೆಯ ನಾಲ್ಕು ಸಾಲಿನ ಹತ್ತಿರ ಬಂದು ನಿಂತುಬಿಟ್ಟೆ, ಅದಕ್ಕೆ ಆಮೇಲೆ ಬರುತ್ತೇನೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ.

ಉಳಿದ ಓದುಗರಿಗೆ ವಿಷಯ ಗೊತ್ತಾಗಲಿ ಅಂತ ಎರಡು ಮಾತು. ಹೋದ ಸಂಚಿಕೆಯಲ್ಲಿ ನಾನು ಅಮೆರಿಕದ ರಾಕ್ ಹಾಡುಗಾರ ಜಾನ್ ಮೆಲೆನ್‌ಕ್ಯಾಂಪ್ ಅವರ 1985ರ 'ಸ್ಕೇರ್‌ಕ್ರೋ' ಆಲ್ಬಮ್ ಬಗ್ಗೆ ಒಂದು ಪುಟ ಬರೆದಿದ್ದೆ. ಸ್ಕೇರ್‌ಕ್ರೋ ಅಂದರೆ ಹೊಲದಲ್ಲಿ ನಿಲ್ಲಿಸುವ ಬೆರ್ಚಪ್ಪ. ರೈತರ ಸಾಲ, ಜಪ್ತಿ, ಹರಾಜು ಎಲ್ಲವನ್ನೂ ರಾಕ್ ಸಂಗೀತಕ್ಕೆ ತಂದ ಆಲ್ಬಮ್ ಅಂತ ಹೊಗಳಿದ್ದೆ. ಅದಕ್ಕೆ ಈ ಓದುಗರ ತಕರಾರು ಹೀಗಿದೆ: ಆತ ರೈತನೇ ಅಲ್ಲ. ರೈತರ ಹಾಡು ಇರುವುದು ಒಂದೇ ಒಂದು, ಮಿಕ್ಕಿದ್ದರಲ್ಲಿ ಜಾಸ್ತಿ ಕುಣಿಯುವ ಹಾಡು. ಕ್ಯಾಸೆಟ್ ಮಾರಿ ದುಡ್ಡು ಮಾಡಿಕೊಂಡದ್ದು ಹಾಡುಗಾರ, ಜಮೀನು ಕಳೆದುಕೊಂಡದ್ದು ಇನ್ಯಾರೋ. "ಹಾಡಿನಿಂದ ಯಾರ ಸಾಲ ತೀರಿತು, ಹೇಳಿ ನೋಡೋಣ" ಅಂತ ಒಂದು ಸವಾಲು ಬೇರೆ.

ಮೊದಲನೆಯದನ್ನು ಒಪ್ಪಿಕೊಂಡೆ. ಮೆಲೆನ್‌ಕ್ಯಾಂಪ್ ರೈತರಲ್ಲ. 1951ರಲ್ಲಿ ಇಂಡಿಯಾನಾ ರಾಜ್ಯದ ಸೀಮೋರ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ಅವರ ಅಪ್ಪ ಎಲೆಕ್ಟ್ರಿಕಲ್ ಕಂಪನಿಯಲ್ಲಿದ್ದು ಮೇಲಿನ ಹುದ್ದೆಗೆ ಹೋದವರು. ಅಷ್ಟೇ ಏಕೆ, ಮೊದಮೊದಲು ಅವರ ಹೆಸರೂ ಅವರದ್ದಾಗಿರಲಿಲ್ಲ. 1976ರ ಮೊದಲ ಆಲ್ಬಮ್ ಮೇಲೆ ಮ್ಯಾನೇಜರ್ ಟೋನಿ ಡಿಫ್ರೀಸ್ ಇವರಿಗೇ ಹೇಳದೆ 'ಜಾನಿ ಕೂಗರ್' ಅಂತ ಅಚ್ಚು ಹಾಕಿಸಿಬಿಟ್ಟಿದ್ದರು. ಆ ಕೂಗರ್ ಹೆಸರಿನಲ್ಲೇ 1982ರಲ್ಲಿ 'ಅಮೆರಿಕನ್ ಫೂಲ್' ಆಲ್ಬಮ್ ನಂಬರ್ ಒನ್ ಆಯಿತು. ಮರುವರ್ಷ ಕೂಗರ್ ಪಕ್ಕದಲ್ಲಿ ಮೆಲೆನ್‌ಕ್ಯಾಂಪ್ ಅಂತ ಸೇರಿಸಿಕೊಂಡರು. ತನ್ನ ಹೆಸರನ್ನು ತಾನು ಇಟ್ಟುಕೊಳ್ಳಲಿಕ್ಕೂ ಒಂದು ನಂಬರ್ ಒನ್ ಬೇಕಾಯಿತು ನೋಡಿ. ಅಂದರೆ 1985ರ ಹೊತ್ತಿಗೆ ಅವರಿಗೆ ದುಡ್ಡಿತ್ತು, ಹಿಟ್ ಹಾಡುಗಳಿದ್ದವು, ಇನ್ನೊಂದು ಅದೇ ಥರದ ಆಲ್ಬಮ್ ಮಾಡಿ ಆರಾಮಾಗಿ ಇರಬಹುದಿತ್ತು. ರೈತರ ದುಃಖ ಮಾರಿ ಮೇಲೆ ಬಂದರು ಅನ್ನುವುದಕ್ಕೆ ಲೆಕ್ಕ ಹೊಂದುವುದಿಲ್ಲ. ಅವರು ಆಗಲೇ ಮೇಲಿದ್ದರು.

ಆಗ ಅಲ್ಲಿನ ಹಳ್ಳಿಗಳಲ್ಲಿ ಆಗುತ್ತಿದ್ದುದೇನು? 1970ರ ದಶಕದಲ್ಲಿ ಸೋವಿಯತ್ ದೇಶ ಅಮೆರಿಕದಿಂದ ರಾಶಿಗಟ್ಟಲೆ ಧಾನ್ಯ ಕೊಂಡಿತು, ಬೆಲೆ ಏರಿತು. ಬೇಲಿಯಿಂದ ಬೇಲಿಯವರೆಗೆ ಬಿತ್ತಿ ಅಂತ ಕೃಷಿ ಮಂತ್ರಿ ಅರ್ಲ್ ಬಟ್ಜ್ ಅವರೇ ಹುರಿದುಂಬಿಸಿದರು. ಜಮೀನಿನ ಬೆಲೆಯೂ ಏರುತ್ತಿತ್ತು, ಹಾಗಾಗಿ ಇದ್ದ ಜಮೀನು ಅಡ ಇಟ್ಟು ಪಕ್ಕದ ಜಮೀನು ಕೊಳ್ಳುವುದು ಯಾರಿಗೂ ದಡ್ಡತನ ಅನ್ನಿಸಲಿಲ್ಲ, ಬ್ಯಾಂಕಿನವರಿಗಂತೂ ಅನ್ನಿಸಲೇ ಇಲ್ಲ. 1979ರಲ್ಲಿ ಹಣದುಬ್ಬರ ತಡೆಯಲು ಅಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಹಣದ ಹರಿವು ಬಿಗಿ ಮಾಡಿತು, 1980ರ ಡಿಸೆಂಬರ್‌ಗೆ ಬ್ಯಾಂಕುಗಳ ಪ್ರೈಮ್ ದರ, ಅಂದರೆ ಒಳ್ಳೆಯ ಗಿರಾಕಿಗಳಿಗೆ ಕೊಡುವ ಸಾಲದ ಬಡ್ಡಿ, ಶೇ. 21.5ಕ್ಕೆ ಹೋಯಿತು. ಅದೇ ವರ್ಷದ ಜನವರಿಯಲ್ಲಿ, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿತು ಅಂತ ಅಧ್ಯಕ್ಷ ಕಾರ್ಟರ್ ಅವರು ಧಾನ್ಯ ಮಾರಾಟಕ್ಕೆ ತಡೆ ಹಾಕಿದ್ದರು. ಬಡ್ಡಿ ಮೇಲಕ್ಕೆ, ಬೆಳೆಯ ಬೆಲೆ ಕೆಳಕ್ಕೆ. ಅಯೋವಾ ರಾಜ್ಯದಲ್ಲಿ 1981ರಿಂದ 1986ರೊಳಗೆ ಜಮೀನು ತನ್ನ ಬೆಲೆಯಲ್ಲಿ ಶೇ. 60ಕ್ಕೂ ಜಾಸ್ತಿ ಕಳೆದುಕೊಂಡಿತು. ಸಾಲ ಮಾತ್ರ ಹಳೆಯ ಬೆಲೆಯದ್ದೇ! ಇಡೀ ಜಮೀನು ಮಾರಿದರೂ ಅಸಲು ಹುಟ್ಟುತ್ತಿರಲಿಲ್ಲ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಸೀಮೋರ್‌ನಲ್ಲಿ ಮೆಲೆನ್‌ಕ್ಯಾಂಪ್‌ಗೆ ಜಾರ್ಜ್ ಗ್ರೀನ್ ಅಂತ ಚಿಕ್ಕಂದಿನ ಗೆಳೆಯ. ಸುತ್ತಲಿನ ಸಣ್ಣ ಊರುಗಳು ಹೀಗೆ ಬರಿದಾಗುತ್ತಿವೆಯಲ್ಲ ಅಂತ ಇಬ್ಬರೂ ಮಾತಾಡಿಕೊಂಡದ್ದೇ 'ರೈನ್ ಆನ್ ದಿ ಸ್ಕೇರ್‌ಕ್ರೋ' ಆಯಿತು. ಆಲ್ಬಮ್ ರೆಕಾರ್ಡ್ ಆದದ್ದು ನ್ಯೂಯಾರ್ಕಿನಲ್ಲೋ ಲಾಸ್ ಏಂಜಲಿಸ್‌ನಲ್ಲೋ ಅಲ್ಲ, ಇಂಡಿಯಾನಾದ ಬೆಲ್ಮಾಂಟ್ ಎಂಬಲ್ಲಿನ ಅವರದೇ ಸ್ಟುಡಿಯೋದಲ್ಲಿ, 1985ರ ಮೊದಲ ತಿಂಗಳುಗಳಲ್ಲಿ. ಜೊತೆಗೆ ನಿರ್ಮಾಪಕರಾಗಿ ಡಾನ್ ಗೆಮನ್. ಅದಕ್ಕೂ ಮುಂಚೆ ಮೆಲೆನ್‌ಕ್ಯಾಂಪ್ ತಮ್ಮ ಬ್ಯಾಂಡಿಗೆ ಒಂದು ವಿಚಿತ್ರ ಹೋಂವರ್ಕ್ ಕೊಟ್ಟರು. 1960ರ ದಶಕದ ಸುಮಾರು ನೂರು ಹಾಡುಗಳನ್ನು ಕಲಿಯಿರಿ, ಸುಮ್ನೆ ನುಡಿಸುವುದಲ್ಲ, ಅವು ಯಾಕೆ ಕಿವಿಯಲ್ಲಿ ನಿಲ್ಲುತ್ತವೆ ಅಂತ ಕಂಡುಕೊಳ್ಳಿ ಅಂತ. ಡ್ರಮ್ಸ್‌ನ ಕೆನ್ನಿ ಅರೋನಾಫ್, ಗಿಟಾರ್‌ನ ಲ್ಯಾರಿ ಕ್ರೇನ್, ಮೈಕ್ ವಾಂಚಿಕ್, ಬೇಸ್‌ನ ಟೋಬಿ ಮೈಯರ್ಸ್ ಎಲ್ಲರೂ ಕೂತು ಕಲಿತರು. ನೀವು 'ಕುಣಿಯುವ ಹಾಡು' ಅಂತ ಮೂಗು ಮುರಿದಿರಲ್ಲ, ಆ ಕುಣಿತದ ಬೇರು ಇಲ್ಲಿದೆ. ಡ್ರಮ್ಸ್ ಹೊಡೆತ ಎಷ್ಟು ಬಿಗಿಯಾಗಿದೆಯೆಂದರೆ ಒಂದೂ ಏಟು ದಂಡವಾಗಿಲ್ಲ. ಆ ಕಾಲದ ಎಷ್ಟೋ ಆಲ್ಬಮ್‌ಗಳು ಈಗ ಕೇಳಿದರೆ ಬರೀ ಕೀಬೋರ್ಡ್ ಸದ್ದಿನ ಮಂಜು. ಇದು ಹಾಗಿಲ್ಲ.

ಈಗ ಆ 'ಒಂದೇ ಒಂದು' ಹಾಡಿಗೆ, ಅಂದರೆ ಆಲ್ಬಮ್‌ನ ಮೊದಲ ಹಾಡಾದ 'ರೈನ್ ಆನ್ ದಿ ಸ್ಕೇರ್‌ಕ್ರೋ'ಗೆ ಬರೋಣ. ಹೋದ ಸಲ ಇದನ್ನು ನಾನು ಎರಡೇ ಸಾಲಿನಲ್ಲಿ ಮುಗಿಸಿದ್ದೆ, ತಪ್ಪು ನನ್ನದು. ಹಾಡಿನಲ್ಲಿ ಮಾತಾಡುವವನು ಒಬ್ಬ ರೈತ. ಹೋದ ಬೆಳೆ ಸಾಲಕ್ಕೆ ಸಾಕಾಗಲಿಲ್ಲ, ಈ ಸಲ ಬೀಜಕ್ಕೆ ದುಡ್ಡಿಲ್ಲ, ಬ್ಯಾಂಕು ಜಪ್ತಿ ಮಾಡಿತು. ಇಲ್ಲಿಯವರೆಗೆ ಯಾರು ಬೇಕಾದರೂ ಬರೆಯುತ್ತಾರೆ. ಆಮೇಲೆ ಹರಾಜು ಕೂಗಲು ಬರುವವನು ಯಾರು? ಆ ರೈತನ ಹಳೆಯ ಗೆಳೆಯ. ಹೆಸರು ಹಿಡಿದು ಕರೆದೇ ಹೇಳುತ್ತಾನೆ, ಇದು ನನ್ನ ಕೆಲಸ ಅಷ್ಟೇ ಕಣಯ್ಯಾ, ಅರ್ಥ ಮಾಡಿಕೊ ಅನ್ನುವ ಅರ್ಥದಲ್ಲಿ. ಇಡೀ ಹಾಡಿನ ಜೀವ ಅಲ್ಲಿದೆ. ಅಧ್ಯಕ್ಷರ ಹೆಸರಿಲ್ಲ, ಪಕ್ಷದ ಹೆಸರಿಲ್ಲ, ಬಡ್ಡಿ ದರದ ಮಾತಿಲ್ಲ. ಎದುರಿಗೆ ನಿಂತ ಗೆಳೆಯನ ಮುಖ ಇದೆ. ಕೋರ್ಟಿನ ಅಂಗಳದಲ್ಲಿ ನೆಟ್ಟ 97 ಶಿಲುಬೆಗಳ ಲೆಕ್ಕವೂ ಬರುತ್ತದೆ, ಒಂದೊಂದು ಶಿಲುಬೆ ಜಮೀನು ಕಳೆದುಕೊಂಡ ಒಂದೊಂದು ಕುಟುಂಬಕ್ಕೆ. ಇದು ಕವಿಯ ಕಲ್ಪನೆ ಅಲ್ಲ. ಆಗ ಅಲ್ಲಿ ಹೋರಾಟಗಾರರು ಕೋರ್ಟುಗಳ ಮುಂದೆ ನಿಜವಾಗಿಯೂ ಬಿಳಿ ಶಿಲುಬೆ ನೆಡುತ್ತಿದ್ದರು.

ಇನ್ನು ಮಿಕ್ಕ ಹಾಡುಗಳು. ನೀವು ಬಹುಶಃ ಬಿಡಿಬಿಡಿಯಾಗಿ ಕೇಳಿದ್ದೀರಿ. ಸಾಲಾಗಿ ಕೇಳಿದರೆ ಬೇರೆಯೇ ಕಾಣುತ್ತದೆ. ಮೊದಲ ಹಾಡಿನಲ್ಲಿ ಒಬ್ಬ ಅಜ್ಜಿ ಬರುತ್ತಾಳೆ, ಮನೆ ಮುಂದಿನ ಉಯ್ಯಾಲೆಯಲ್ಲಿ ಬೈಬಲ್ ಹಿಡಿದು ಕೂತು ಹಾಡಿಕೊಳ್ಳುವ ಅಜ್ಜಿ. ಆ ಹಾಡು ಮುಗಿದದ್ದೇ ಎರಡನೇ ತುಣುಕಿನಲ್ಲಿ ಒಬ್ಬ ಅಜ್ಜಿ ನಿಜವಾಗಿಯೂ ಹಾಡುತ್ತಾರೆ, ಒಂದು ನಿಮಿಷದಷ್ಟು, ಹಳೆಯ ಕಾಲದ ಒಂದು ಹಾಡು. ಅದು ಮೆಲೆನ್‌ಕ್ಯಾಂಪ್ ಅವರ ಸ್ವಂತ ಅಜ್ಜಿ ಲಾರಾ ಅವರ ದನಿ. ಅದು ಮುಗಿದದ್ದೇ 'ಸ್ಮಾಲ್ ಟೌನ್', ಸಣ್ಣ ಊರಲ್ಲಿ ಹುಟ್ಟಿದೆ, ಇಲ್ಲೇ ಇರುತ್ತೇನೆ ಅನ್ನುವ ಖುಷಿಯ ಹಾಡು. (ಅದನ್ನು ಬರೆದದ್ದು ಮನೆಯಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ ಕೂತು, ನೆಂಟರಿದ್ದರಂತೆ, ಬೇರೆ ಜಾಗ ಇರಲಿಲ್ಲ.) ಒಂದೇ ಹಾಡಾಗಿ ರೇಡಿಯೋದಲ್ಲಿ ಕೇಳಿದರೆ ಅದು ಊರಿನ ಜಂಬ. ಹರಾಜಿನ ಬೆನ್ನಿಗೆ, ಅಜ್ಜಿಯ ದನಿಯ ಬೆನ್ನಿಗೆ ಕೇಳಿದರೆ, ಏನನ್ನು ಕಳೆದುಕೊಳ್ಳುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಊರಿನ ಮೇಲೆ ಪ್ರೀತಿಯೇ ಇಲ್ಲದಿದ್ದರೆ ಊರು ಹೋಯಿತು ಅಂತ ಅಳುವುದಾದರೂ ಯಾಕೆ, ಅಲ್ವಾ?

'ಆರ್.ಒ.ಸಿ.ಕೆ. ಇನ್ ದಿ ಯು.ಎಸ್.ಎ.' ವಿಷಯದಲ್ಲಿ ನಿಮಗೆ ಒಬ್ಬ ಜೊತೆಗಾರ ಸಿಗುತ್ತಾರೆ, ಸ್ವತಃ ಮೆಲೆನ್‌ಕ್ಯಾಂಪ್. ಇಷ್ಟು ಖುಷಿಯ ಹಾಡು ಈ ಆಲ್ಬಮ್‌ಗೆ ಹೊಂದುತ್ತದಾ ಅಂತ ಅವರಿಗೂ ಅನುಮಾನ ಇತ್ತು, ಕೊನೆ ಗಳಿಗೆಯಲ್ಲಿ ಸೇರಿಸಿದರು. ಅದೇ ಎಲ್ಲಕ್ಕಿಂತ ದೊಡ್ಡ ಹಿಟ್ ಆಯಿತು, ಅಮೆರಿಕದ ಪಟ್ಟಿಯಲ್ಲಿ 2ನೇ ಸ್ಥಾನ. ರೈತನ ಹಾಡು 21ಕ್ಕೆ ನಿಂತಿತು. ನಿಮ್ಮ ವಾದಕ್ಕೆ ಇದನ್ನು ನಾನೇ ಒದಗಿಸುತ್ತಿದ್ದೇನೆ, ಇಟ್ಟುಕೊಳ್ಳಿ.

ಆದರೆ ನನ್ನ ನಿಜವಾದ ತಕರಾರು ಖುಷಿಯ ಹಾಡುಗಳ ಮೇಲಲ್ಲ. 'ದಿ ಫೇಸ್ ಆಫ್ ದಿ ನೇಷನ್', 'ಜಸ್ಟಿಸ್ ಅಂಡ್ ಇಂಡಿಪೆಂಡೆನ್ಸ್ '85', ಈ ಎರಡರ ಮೇಲೆ. ಎರಡನೆಯದರಲ್ಲಿ ನ್ಯಾಯ, ಸ್ವಾತಂತ್ರ್ಯ ಅಂತ ಹೆಸರಿಟ್ಟುಕೊಂಡ ಗಂಡ ಹೆಂಡತಿ, ಅವರಿಗೆ ದೇಶ ಅಂತ ಒಂದು ಮಗು. ಶಾಲೆಯ ನಾಟಕದ ಥರ ಇದೆ. ಸಮಾಜದ ಬಗ್ಗೆ ನೇರವಾಗಿ ಭಾಷಣ ಮಾಡಿದ ಜಾಗದಲ್ಲೇ ಆಲ್ಬಮ್ ಸಡಿಲವಾಗುತ್ತದೆ. ಅದೇ 'ಮಿನಿಟ್ಸ್ ಟು ಮೆಮೊರೀಸ್' ಕೇಳಿ, ಬಸ್ಸಿನಲ್ಲಿ ಪಕ್ಕ ಕೂತ ಮುದುಕನೊಬ್ಬ ಹುಡುಗನಿಗೆ ತನ್ನ ಬದುಕು ಹೇಳಿಕೊಳ್ಳುವುದು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಒಂದು ಸಲ ಕೇಳಿದವರು ಆ ಮುದುಕನನ್ನು ಮರೆಯುವುದಿಲ್ಲ. ಅದಕ್ಕೂ ಗ್ರೀನ್ ಅವರ ಕೈ ಇದೆ. ಹೋದ ಸಲ ಹೊಗಳುವ ಭರದಲ್ಲಿ ಇಡೀ ಆಲ್ಬಮ್ ಒಂದೇ ಎತ್ತರದಲ್ಲಿದೆ ಎನ್ನುವಂತೆ ಬರೆದಿದ್ದೆ. ಹಾಗಿಲ್ಲ.

ಜನ ಹೇಗೆ ತೆಗೆದುಕೊಂಡರು ಅಂತಲೂ ಕೇಳಿದ್ದೀರಿ. ಆಲ್ಬಮ್ 2ನೇ ಸ್ಥಾನಕ್ಕೆ ಹೋಯಿತು, ಅಮೆರಿಕದಲ್ಲೇ ಐವತ್ತು ಲಕ್ಷ ಪ್ರತಿಗಳ ಮಟ್ಟ ಮುಟ್ಟಿತು. ಅದಕ್ಕೂ ಮುಂಚೆ ಅವರನ್ನು ವಿಮರ್ಶಕರು ಅಷ್ಟಾಗಿ ಲೆಕ್ಕಕ್ಕೆ ಇಟ್ಟಿರಲಿಲ್ಲ, ಇದಾದ ಮೇಲೆ ಇಡಬೇಕಾಯಿತು. ರೋಲಿಂಗ್ ಸ್ಟೋನ್ ಪತ್ರಿಕೆ 1980ರ ದಶಕದ ನೂರು ಉತ್ತಮ ಆಲ್ಬಮ್‌ಗಳ ಪಟ್ಟಿ ಮಾಡಿದಾಗ ಇದಕ್ಕೆ 95ನೇ ಜಾಗ ಸಿಕ್ಕಿತು. ಇನ್ನೊಬ್ಬ ಅಮೆರಿಕನ್ ರಾಕ್ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಜೊತೆ ಹೋಲಿಸುವ ಚಾಳಿ ಮಾತ್ರ ಬಿಡಲಿಲ್ಲ, ಈಗಲೂ ಬಿಟ್ಟಿಲ್ಲ.

ಸರಿ, ಸವಾಲಿಗೆ ಬರುತ್ತೇನೆ. ಯಾರ ಸಾಲ ತೀರಿತು? 1985ರ ಜುಲೈ 13ರಂದು ಇಥಿಯೋಪಿಯಾದ ಬರಗಾಲಕ್ಕಾಗಿ ಲೈವ್ ಏಡ್ ಎಂಬ ಸಂಗೀತ ಕಾರ್ಯಕ್ರಮ ನಡೆಯುತ್ತಿತ್ತು. ಹಾಡುಗಾರ ಬಾಬ್ ಡಿಲನ್ ವೇದಿಕೆ ಮೇಲಿಂದಲೇ, ಈ ದುಡ್ಡಿನಲ್ಲಿ ಸ್ವಲ್ಪ ನಮ್ಮ ರೈತರ ಅಡಮಾನ ಬಿಡಿಸಲು ಕೊಡಬಾರದಾ ಅನ್ನುವ ಅರ್ಥದ ಮಾತಾಡಿಬಿಟ್ಟರು. ಆ ವೇದಿಕೆಯಲ್ಲಿ ಅದು ಸರಿಯಾ ಅಂತ ತುಂಬ ಜನ ಬೈದರು, ನನಗೂ ಅದು ಹೊತ್ತಲ್ಲದ ಹೊತ್ತಿನ ಮಾತು ಅನ್ನಿಸುತ್ತದೆ. ಆದರೆ ಅದೇ ಮಾತು ಹಿಡಿದು ಹಾಡುಗಾರರಾದ ವಿಲ್ಲಿ ನೆಲ್ಸನ್, ನೀಲ್ ಯಂಗ್, ಮೆಲೆನ್‌ಕ್ಯಾಂಪ್ ಸೇರಿ ಸೆಪ್ಟೆಂಬರ್ 22ರಂದು ಇಲಿನಾಯ್ಸ್‌ನ ಶಾಂಪೇನ್‌ನಲ್ಲಿ ರೈತರಿಗಾಗಿಯೇ ಫಾರ್ಮ್ ಏಡ್ ಎಂಬ ಸಂಗೀತ ಕಾರ್ಯಕ್ರಮ ನಡೆಸಿದರು. ಸುಮಾರು 80,000 ಜನ ಬಂದರು, ಮಳೆಯೂ ಬಂತು. ಎದ್ದ ದುಡ್ಡು 70 ಲಕ್ಷ ಡಾಲರ್‌ಗೂ ಜಾಸ್ತಿ. ಇಡೀ ದೇಶದ ರೈತರ ಸಾಲದ ಮುಂದೆ ಅದು ಸಮುದ್ರಕ್ಕೆ ಚೊಂಬು ನೀರು, ನೀವು ಹೇಳಿದ್ದು ಸರಿ. ಆದರೆ ಆ ದುಡ್ಡು ಸಹಾಯವಾಣಿಗೆ, ಕಾನೂನು ನೆರವಿಗೆ, ಊಟಕ್ಕಿಲ್ಲದ ರೈತ ಕುಟುಂಬಗಳಿಗೆ ಹೋಯಿತು. 1987ರಲ್ಲಿ ನೆಲ್ಸನ್, ಮೆಲೆನ್‌ಕ್ಯಾಂಪ್ ಇಬ್ಬರೂ ರೈತರನ್ನು ಕರೆದುಕೊಂಡು ಹೋಗಿ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಕೂತರು. ಆ ವರ್ಷದ ಕೃಷಿ ಸಾಲ ಕಾಯ್ದೆಗೆ 1988ರ ಜನವರಿಯಲ್ಲಿ ಸಹಿ ಬಿತ್ತು. ಸರ್ಕಾರಿ ಸಾಲ ಸಂಸ್ಥೆ ಜಪ್ತಿಗೆ ಹೋಗುವ ಮುಂಚೆ ಸಾಲವನ್ನು ಮರುಹೊಂದಿಸಲು ಆಗುತ್ತದಾ ಅಂತ ನೋಡಲೇಬೇಕು ಅನ್ನುವುದು ಅದರ ಒಂದು ಅಂಶ. ಕಾಯ್ದೆ ಹಾಡಿನಿಂದಾಯಿತು ಅಂತ ನಾನು ಹೇಳುವುದಿಲ್ಲ, ವರ್ಷಗಟ್ಟಲೆ ಬೀದಿಯಲ್ಲಿ ನಿಂತ ರೈತರಿಂದ ಆಯಿತು. ಹಾಡುಗಾರರು ಹೋಗಿ ಪಕ್ಕದಲ್ಲಿ ಕೂತರು, ಕ್ಯಾಮೆರಾಗಳು ಅವರ ಹಿಂದೆ ಬಂದವು, ಅಷ್ಟೇ. ಫಾರ್ಮ್ ಏಡ್ ನಾಲ್ಕು ದಶಕ ಆದರೂ ನಡೆಯುತ್ತಲೇ ಇದೆ. ಒಂದು ಆಲ್ಬಮ್ ಮಾರಿ ಮರೆತುಬಿಡುವವರು ನಲವತ್ತು ವರ್ಷ ಆ ಕೆಲಸದಲ್ಲಿ ಇರುವುದಿಲ್ಲ.

ಈಗ ನಿಮ್ಮ ಕೊನೆಯ ನಾಲ್ಕು ಸಾಲು. ಬ್ಯಾಂಕಿನಲ್ಲಿ ಸಾಲ ವಸೂಲಿ ವಿಭಾಗದಲ್ಲಿದ್ದು ನಿವೃತ್ತನಾದೆ, ನೋಟಿಸ್ ಹಿಡಿದು ಹೋದ ಮನೆಗಳಲ್ಲೂ ಕುರ್ಚಿ ಹಾಕಿ ಕೂರಿಸುತ್ತಿದ್ದರು, ಅದರ ಬಗ್ಗೆ ಯಾರೂ ಹಾಡು ಬರೆಯುವುದಿಲ್ಲ ಅಂತ ಬರೆದಿದ್ದೀರಿ.

ಬರೆದಿದ್ದಾರೆ. ಆ ಮೊದಲ ಹಾಡೇ ಅದು. 1985ರ ಡಿಸೆಂಬರ್‌ನಲ್ಲಿ ಅಯೋವಾದ ಹಿಲ್ಸ್ ಎಂಬ ಸಣ್ಣ ಊರಿನ ಸುತ್ತಮುತ್ತ ಸಾಲದಲ್ಲಿ ಮುಳುಗಿದ ರೈತನೊಬ್ಬ ತನ್ನ ಹೆಂಡತಿಯನ್ನೂ ಬ್ಯಾಂಕಿನ ಅಧಿಕಾರಿಯನ್ನೂ ನೆರೆಯವನೊಬ್ಬನನ್ನೂ ಕೊಂದು ತಾನೂ ಸತ್ತ. ಬ್ಯಾಂಕಿನವನೂ ರೈತನೂ ಒಂದೇ ಊರಿನ ಸುತ್ತಮುತ್ತ ಬದುಕುತ್ತಿದ್ದವರು. ಆ ಹಾಡು ಅದಕ್ಕೂ ತಿಂಗಳುಗಳ ಮುಂಚೆಯೇ ಬಂದಿತ್ತು. ಅದರಲ್ಲಿ ರೈತ ಹರಾಜು ಕೂಗುವ ಗೆಳೆಯನನ್ನು ಬೈಯುವುದಿಲ್ಲ, ಕ್ಷಮಿಸುವುದೂ ಇಲ್ಲ. ಕೆಲಸ ಅಂತ ಕರೆದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ, ಬೇಕಿದ್ದರೆ ಈ ರಾತ್ರಿ ನಿನ್ನ ಆತ್ಮಕ್ಕಾಗಿ ಪ್ರಾರ್ಥನೆ ಮಾಡುತ್ತೇನೆ ಅನ್ನುತ್ತಾನೆ. ಆ ಮಾತಿನಲ್ಲಿ ಕುಟುಕಿದೆಯೋ ಕರುಣೆಯಿದೆಯೋ, ಇಷ್ಟು ಸಲ ಕೇಳಿಯೂ ನನಗೆ ತೀರ್ಮಾನ ಆಗಿಲ್ಲ. ನೀವು ಆ ಕುರ್ಚಿಯಲ್ಲಿ ಕೂತವರು. ಒಂದು ಸಲ ಕೇಳಿ, ನಿಮಗೆ ಏನನ್ನಿಸಿತು ಬರೆಯಿರಿ. ಹೆಸರು ಹಾಕದೆಯೇ ಅಚ್ಚು ಮಾಡುತ್ತೇನೆ.

— ಸಂ.